ಒಂದೇ ತಪ್ಪು, ಮೂವರು ಮಕ್ಕಳು

ಪ್ರಶ್ನೆ: ಪ್ರಾಥಮಿಕ ಶಾಲಾ ಶಿಕ್ಷಕಿಯಾಗಲು ತರಬೇತಿ ಪಡೆಯುತ್ತಿದ್ದೇನೆ. ಎಐ ಬಂದ ಮೇಲೆ ಟೀಚರ್‌ಗಳೇ ಬೇಕಾಗುವುದಿಲ್ಲ ಎಂದು ಎಲ್ಲರೂ ಹೆದರಿಸುತ್ತಾರೆ. ಈ ಕೆಲಸಕ್ಕೆ ಭವಿಷ್ಯ ಇದೆಯಾ?

ಉತ್ತರ: ಇದೆ. ಧೈರ್ಯವಾಗಿ ತರಬೇತಿ ಮುಗಿಸಿ.

ಈ ಹೆದರಿಕೆ ಹೊಸದಲ್ಲ. ಶಾಲೆಯಲ್ಲಿ ಪುಸ್ತಕಗಳ ಕಾಲ ಮುಗಿಯುತ್ತಾ ಬಂತು, ಇನ್ನು ಸಿನಿಮಾವೇ ಕಲಿಸುತ್ತದೆ ಎಂದು ಥಾಮಸ್ ಎಡಿಸನ್ 1913ರಲ್ಲೇ ಹೇಳಿದ್ದರು. 1950ರ ದಶಕದಲ್ಲಿ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಕಲಿಸುವ ಯಂತ್ರವನ್ನೇ ಮಾಡಿದರು. ತರಗತಿ ಉಳಿಯಿತು, ಟೀಚರೂ ಉಳಿದರು. ಆದರೆ ಈ ಸಲ ಬಂದಿರುವುದು ಆ ಹಳೆಯವುಗಳ ಥರದ್ದಲ್ಲ. ಕೇಳಿದ್ದಕ್ಕೆ ಮಾತಿನಲ್ಲೇ ಉತ್ತರ ಕೊಡುತ್ತದೆ, ಅರ್ಥವಾಗದಿದ್ದರೆ ಇನ್ನೊಂದು ರೀತಿ ಹೇಳುತ್ತದೆ, ಎಷ್ಟು ಸಲ ಕೇಳಿದರೂ ಸಿಡುಕುವುದಿಲ್ಲ. ಹಾಗಾದರೆ ನಮ್ಮ ಪಾಲಿಗೆ ಏನು ಉಳಿಯುತ್ತದೆ? ಒಂದು ಲೆಕ್ಕ ಇಟ್ಟುಕೊಂಡೇ ನೋಡೋಣ.

42ರಲ್ಲಿ 17 ಕಳೆದರೆ ಎಷ್ಟು? ನನ್ನ ಎರಡನೇ ತರಗತಿಯಲ್ಲಿ ಪ್ರತಿ ವರ್ಷವೂ ಕೆಲವರು 35 ಎಂದು ಬರೆಯುತ್ತಾರೆ. ಆ 35 ಸುಮ್ನೆ ಬಂದದ್ದಲ್ಲ. 2ರಿಂದ 7 ಕಳೆಯಲು ಆಗಲಿಲ್ಲ, ಮಗು ತಿರುಗಿಸಿ 7ರಿಂದ 2 ಕಳೆಯಿತು, 5 ಬಂತು. 4ರಲ್ಲಿ 1 ಹೋಗಿ 3 ಉಳಿಯಿತು. ಇಂಥ ತಪ್ಪಿನ ಹಿಂದೆ ಒಂದು ಕ್ರಮ ಇರುತ್ತದೆ, ಅದನ್ನು ಕಂಪ್ಯೂಟರ್ ಪತ್ತೆ ಹಚ್ಚಬಲ್ಲದು ಎಂದು ಸಂಶೋಧಕರಾದ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ 1978ರಲ್ಲೇ ತೋರಿಸಿದರು. ಇಷ್ಟನ್ನು ಯಂತ್ರ ನಮಗಿಂತ ಬೇಗ ಮಾಡುತ್ತದೆ. ಮಾಡಲಿ, ನಮಗೆ ಒಳ್ಳೆಯದೇ.

ಈಗ ಆ ಮಕ್ಕಳ ಪಕ್ಕ ಕೂತು, 'ಹೇಗೆ ಮಾಡಿದೆ, ಹೇಳು ನೋಡೋಣ' ಎಂದು ಕೇಳಿ. ಒಬ್ಬಳು, 'ಚಿಕ್ಕದರಿಂದ ದೊಡ್ಡದು ಕಳೆಯೋಕಾಗಲ್ಲ ಅಂತ ಅಕ್ಕ ಹೇಳಿದ್ದಾಳೆ' ಎನ್ನುತ್ತಾಳೆ. ಇನ್ನೊಬ್ಬನಿಗೆ 42 ಎಂದರೆ ಅಕ್ಕಪಕ್ಕ ಕೂತ 4 ಮತ್ತು 2, ಅಷ್ಟೇ. ಆ 4ರಲ್ಲಿ ನಲವತ್ತು ಇದೆ ಎಂಬುದು ಅವನಿಗೆ ಗೊತ್ತೇ ಇಲ್ಲ. ಮೂರನೆಯವನಿಗೆ ಎಲ್ಲವೂ ಬರುತ್ತದೆ, ಪಕ್ಕದವನಿಗಿಂತ ಮೊದಲು ಮುಗಿಸುವ ಅವಸರ ಮಾತ್ರ.

ಮೂವರದೂ ಉತ್ತರ 35. ಆದರೆ ಮೂವರಿಗೂ ಬೇಕಾದ್ದು ಬೇರೆ ಬೇರೆ. ಮೊದಲನೆಯವಳಿಗೆ ಹತ್ತು ಹತ್ತು ಕಡ್ಡಿಯ ನಾಲ್ಕು ಕಟ್ಟು, ಎರಡು ಬಿಡಿ ಕಡ್ಡಿ ಕೊಟ್ಟು, 'ನನಗೆ 17 ಕೊಡು' ಎನ್ನುತ್ತೇನೆ. ಒಂದು ಕಟ್ಟು ಕೊಡುತ್ತಾಳೆ. ಆಮೇಲೆ ಕೈ ನಿಲ್ಲುತ್ತದೆ. ನನ್ನ ಮುಖ ನೋಡುತ್ತಾಳೆ. ಆಗ ನಾನು ಏನೂ ಹೇಳಬಾರದು, ಅದೇ ಕಷ್ಟದ ಕೆಲಸ. ಸ್ವಲ್ಪ ಹೊತ್ತಿನ ಮೇಲೆ ಅವಳೇ ಇನ್ನೊಂದು ಕಟ್ಟಿನ ರಬ್ಬರ್‌ಬ್ಯಾಂಡ್ ಬಿಚ್ಚುತ್ತಾಳೆ. ಈಗ ಹನ್ನೆರಡು ಬಿಡಿ ಕಡ್ಡಿ, ಅದರಲ್ಲಿ ಏಳು ಕೊಡಬಹುದು ಅಲ್ವಾ? ಎರಡನೆಯವನು ಮೊದಲು ಕಡ್ಡಿಗಳನ್ನು ಕಟ್ಟು ಕಟ್ಟುವುದನ್ನೇ ಕಲಿಯಬೇಕು, ಕಳೆಯುವ ಲೆಕ್ಕ ಆಮೇಲೆ. ಮೂರನೆಯವನಿಗೆ ಪಾಠ ಬೇಡ, ನಿಧಾನ ಮಾಡು ಎನ್ನುವವರು ಬೇಕು.

ಯಾವ ಮಗು ಯಾರು ಎಂದು ತಿಳಿಯುವುದು, ಯಾವಾಗ ಮಾತಾಡಬೇಕು, ಯಾವಾಗ ಸುಮ್ಮನಿರಬೇಕು ಎಂದು ನೋಡಿಕೊಳ್ಳುವುದು. ನೀವು ಕಲಿಯಬೇಕಾದ್ದು ಇದನ್ನು. ಹಾಳೆ ತಿದ್ದುವುದು, ಅಂಕ ಪಟ್ಟಿ ತುಂಬುವುದು, ಅಭ್ಯಾಸದ ಲೆಕ್ಕ ಹುಡುಕುವುದು, ಇವೆಲ್ಲ ಯಂತ್ರಕ್ಕೆ ಹೋಗುತ್ತವೆ. ಹೋಗಬೇಕು ಕೂಡ. ಆದರೆ ಹಾಗೆ ಉಳಿದ ಸಮಯವನ್ನು ಮಕ್ಕಳ ಪಕ್ಕ ಕೂರಲು ಬಿಡುತ್ತಾರೋ, ಅಥವಾ ಒಬ್ಬ ಟೀಚರ್‌ಗೆ ಇನ್ನಷ್ಟು ಮಕ್ಕಳನ್ನು ಕೊಡುತ್ತಾರೋ? ನನ್ನ ಭಯ ಇರುವುದು ಅಲ್ಲಿ. ಅದನ್ನು ತೀರ್ಮಾನ ಮಾಡುವುದು ಯಂತ್ರ ಅಲ್ಲ, ಶಾಲೆ ನಡೆಸುವವರು.

ಪ್ರಶ್ನೆ: ಮಗಳಿಗೆ ಐದು ವರ್ಷ. ಟ್ಯಾಬ್‌ನಲ್ಲಿ ಅಕ್ಷರ ಒತ್ತಿ ಪದ ಮಾಡುತ್ತಾಳೆ. ಪೆನ್ಸಿಲ್ ಹಿಡಿಯಲು ಬೇಸರ. ಮುಂದೆ ಎಲ್ಲರೂ ಟೈಪ್ ಮಾಡುವುದೇ ಅಲ್ವಾ, ಬರೆಸಲೇಬೇಕಾ?

ಉತ್ತರ: ಬರೆಸಿ. ಇನ್ನೂ ಓದಲು ಬಾರದ ಐದು ವರ್ಷದ ಮಕ್ಕಳ ಮೇಲೆ ಸಂಶೋಧಕಿ ಕರಿನ್ ಜೇಮ್ಸ್ ಮತ್ತು ಸಹೋದ್ಯೋಗಿ ಒಂದು ಸಣ್ಣ ಅಧ್ಯಯನ ಮಾಡಿ 2012ರಲ್ಲಿ ಪ್ರಕಟಿಸಿದರು. ಕೆಲವು ಅಕ್ಷರಗಳನ್ನು ಕೈಯಾರೆ ಬರೆಸಿದರು, ಕೆಲವನ್ನು ತೀಡಿಸಿದರು, ಕೆಲವನ್ನು ಟೈಪ್ ಮಾಡಿಸಿದರು. ಆಮೇಲೆ ಅಕ್ಷರ ತೋರಿಸಿ ಮೆದುಳಿನ ಸ್ಕ್ಯಾನ್ ಮಾಡಿದರು. ಓದುವಾಗ ಕೆಲಸ ಮಾಡುವ ಭಾಗಗಳು ಚುರುಕಾದದ್ದು ಕೈಯಾರೆ ಬರೆದ ಅಕ್ಷರಗಳಿಗೆ. ಮಗು ಬರೆದ ಅಕ್ಷರ ಪ್ರತಿ ಸಲವೂ ಸೊಟ್ಟಪಟ್ಟ, ಒಂದರ ಹಾಗೆ ಇನ್ನೊಂದಿಲ್ಲ. ಹೀಗಿದ್ದರೂ ಇದು ಅದೇ ಅಕ್ಷರ ಎಂದು ಗುರುತಿಸಲು ಕಣ್ಣು ಕಲಿಯುತ್ತದೆ. ಪೆನ್ಸಿಲ್ ಬೇಸರವಾದರೆ ದಪ್ಪ ಬಳಪ ಕೊಡಿ, ಮರಳಲ್ಲಿ ಬೆರಳಿಂದ ಬರೆಯಲಿ. ಟ್ಯಾಬನ್ನು ಕಸಿದುಕೊಳ್ಳಬೇಕಾಗಿಲ್ಲ.

ಪ್ರಶ್ನೆ: ಪಾಠದ ಯೋಜನೆಯನ್ನು ಎಐನಿಂದ ಬರೆಸಿಕೊಳ್ಳುವುದು ತಪ್ಪೇ?

ಉತ್ತರ: ತಪ್ಪಲ್ಲ, ನಾನೂ ಬರೆಸುತ್ತೇನೆ. ಆದರೆ ಒಂದೊಂದು ಸಾಲನ್ನೂ ಓದಿ. ಮುಂದೆ ಯಾವ ಪದ ಬಂದೀತು ಎಂದು ಅಂದಾಜು ಮಾಡುತ್ತಾ ಬರೆಯುವ ಯಂತ್ರ ಅದು, ಇಲ್ಲದ್ದನ್ನೂ ಖಚಿತವಾಗಿಯೇ ಹೇಳಿಬಿಡುತ್ತದೆ. ಮಕ್ಕಳ ಹೆಸರು, ಕಾಯಿಲೆ, ಮನೆಯ ವಿಷಯ ಮಾತ್ರ ಯಾವ ಕಾರಣಕ್ಕೂ ಅದಕ್ಕೆ ಹಾಕಬೇಡಿ.

ಪ್ರಶ್ನೆ: ಮಗ ಓದುವುದನ್ನು ಕೇಳಿ ತಪ್ಪು ತೋರಿಸುವ ಆ್ಯಪ್ ಇದೆ. ಸರಿ ಓದಿದರೂ ಕೆಲವೊಮ್ಮೆ ತಪ್ಪು ಎನ್ನುತ್ತದೆ. ನಂಬಬಹುದೇ?

ಉತ್ತರ: ಅಭ್ಯಾಸಕ್ಕೆ ಇರಲಿ, ಅಳೆಯಲು ಬೇಡ. ಮಾತು ಗುರುತಿಸುವ ತಂತ್ರಾಂಶಗಳಿಗೆ ಜಾಸ್ತಿ ದೊಡ್ಡವರ ದನಿಯಿಂದಲೇ ತರಬೇತಿ ಸಿಕ್ಕಿರುತ್ತದೆ. ಮಕ್ಕಳ ದನಿ ತೆಳು, ಮಾತು ನಿಂತು ನಿಂತು ಬರುತ್ತದೆ, ಹಲ್ಲು ಬಿದ್ದಿದ್ದರೆ ಉಚ್ಚಾರವೂ ಬೇರೆ. ಆ್ಯಪ್ ತಪ್ಪು ಎಂದ ಕೂಡಲೇ ಮಗನನ್ನು ತಿದ್ದಲು ಹೋಗಬೇಡಿ, ಆ ಸಾಲನ್ನು ನಿಮಗೇ ಓದಿ ಹೇಳಲಿ. ಮೊದಲ ಅಕ್ಷರ ನೋಡಿ ಉಳಿದದ್ದನ್ನು ಊಹಿಸುತ್ತಾನಾ, ಒತ್ತಕ್ಷರ ಬಂದಾಗ ತಡೆಯುತ್ತಾನಾ ಗಮನಿಸಿ, ಬರೆದಿಟ್ಟು ಅವನ ಟೀಚರ್‌ಗೆ ಕೊಡಿ.