ನೀರು ಹೊಸ್ತಿಲಿಗೆ ಬಂದ ಮೇಲೆ ಫೋನ್ ಮಾಡುವವರಿಗೆ

ಮಳೆಗಾಲ ಬಂತೆಂದರೆ ನನ್ನ ಹೆಸರಿಗೆ ಬರುವ ಪತ್ರಗಳಲ್ಲಿ ಮುಕ್ಕಾಲು ಪಾಲು ‘ಹೊಳೆ ಏರಿದಾಗ ಫೋನ್ ಮಾಡಿದರೂ ಯಾರೂ ಬರಲಿಲ್ಲ’ ಎಂಬ ಒಂದೇ ಧಾಟಿಯವು. ಕಂದಾಯ ಇಲಾಖೆಯಲ್ಲಿ ಇದ್ದಷ್ಟು ದಿನ ಬಹುತೇಕ ಮಳೆಗಾಲಗಳನ್ನು ಹೊಳೆದಂಡೆಯ ತಾಲ್ಲೂಕುಗಳಲ್ಲೇ ಕಳೆದವನು ನಾನು. ನಿವೃತ್ತನಾದ ಮೇಲೂ ಅದೇ ಪ್ರಶ್ನೆ ಕೇಳಿದರೆ ಸಿಟ್ಟು ಬಾರದೆ ಇರುತ್ತದೆಯೇ? ಪ್ರವಾಹ ಎಂದರೇನು, ಯಾಕೆ ಬರುತ್ತದೆ ಎಂದು ಇಲ್ಲಿ ಬರೆಯುವುದಿಲ್ಲ. ಅದು ಮಕ್ಕಳ ಶಾಲೆ ಪುಸ್ತಕದಲ್ಲಿದೆ, ಓದಿಕೊಳ್ಳಿ.

ಪ್ರಶ್ನೆ: ನಾನು ಬೆಂಗಳೂರಿನಲ್ಲಿದ್ದೇನೆ. ಅಪ್ಪ, ಅವ್ವ ಚಿಕ್ಕೋಡಿ ತಾಲ್ಲೂಕಿನ ಹೊಳೆದಂಡೆಯ ಊರಿನಲ್ಲಿದ್ದಾರೆ. ನೀರು ಏರಿದ ರಾತ್ರಿ 1077ಕ್ಕೆ ಎಷ್ಟು ಸಲ ಫೋನ್ ಹಚ್ಚಿದರೂ ಉಪಯೋಗವಾಗಲಿಲ್ಲ. ಎನ್‌ಡಿಆರ್‌ಎಫ್ (ರಾಷ್ಟ್ರೀಯ ವಿಪತ್ತು ಪಡೆ) ಕೂಡ ಬರಲಿಲ್ಲ. ಕೊನೆಗೆ ಊರ ಹುಡುಗರು ಟ್ರ್ಯಾಕ್ಟರಿನಲ್ಲಿ ಕರೆತಂದರು. ಹೀಗಾದರೆ ಈ ವ್ಯವಸ್ಥೆ ಇರುವುದು ಯಾತಕ್ಕೆ? ಯಾರಿಗೆ ಫೋನ್ ಮಾಡಬೇಕಿತ್ತು?

ಮೊದಲು ಫೋನಿನ ವಿಷಯ ಮುಗಿಸೋಣ. 1077 ಜಿಲ್ಲಾ ಕಂಟ್ರೋಲ್ ರೂಮಿನ ನಂಬರು. ನೀವು ಬೆಂಗಳೂರಿನಲ್ಲಿ ಕೂತು ಅದನ್ನು ಒತ್ತಿದರೆ ಅದು ಬೆಳಗಾವಿಯಲ್ಲಿ ಯಾಕೆ ರಿಂಗಾಗುತ್ತದೆ? ಜಿಲ್ಲಾ ಕೇಂದ್ರದ ಎಸ್‌ಟಿಡಿ ಕೋಡ್ ಮುಂದೆ ಸೇರಿಸಬೇಕು. ಅದಕ್ಕಿಂತ ಒಳ್ಳೆಯದು ತಹಶೀಲ್ದಾರ್ ಕಚೇರಿಯ ಕಂಟ್ರೋಲ್ ರೂಮಿನ ನಂಬರು, ಗ್ರಾಮ ಆಡಳಿತ ಅಧಿಕಾರಿಯ ನಂಬರು, ಪಿಡಿಒ ನಂಬರು. ಇವು ಮೂರೂ ನಿಮ್ಮ ಅವ್ವನ ಕೀಪ್ಯಾಡ್ ಫೋನಿನಲ್ಲಿ ಇರಬೇಕು. ಜೂನ್ ತಿಂಗಳಲ್ಲೇ ಇರಬೇಕು.

ಇನ್ನು ಎನ್‌ಡಿಆರ್‌ಎಫ್. ಟಿವಿಯಲ್ಲಿ ಕಿತ್ತಳೆ ಬಣ್ಣದ ಸಮವಸ್ತ್ರ ನೋಡಿ ನೋಡಿ ವಿಪತ್ತು ನಿರ್ವಹಣೆ ಎಂದರೆ ಅವರೇ ಎಂದು ಜನ ತಿಳಿದಿದ್ದಾರೆ. ಕರ್ನಾಟಕವನ್ನು ನೋಡಿಕೊಳ್ಳುವುದು ಅದರ 10ನೇ ಬೆಟಾಲಿಯನ್. ಅದರ ಮೂಲ ಠಾಣೆ ಇರುವುದು ಆಂಧ್ರದ ವಿಜಯವಾಡ ಕಡೆ. ಮಳೆಗಾಲಕ್ಕೆ ಮುಂಚೆ ಒಂದೊಂದು ತಂಡವನ್ನು ಕೆಲವು ಜಿಲ್ಲೆಗಳಿಗೆ ಕಳಿಸಿರುತ್ತಾರೆ, ನಿಜ. ಆದರೆ ಒಂದು ತಂಡದ ಕೈಲಿರುವ ಬೋಟುಗಳೆಷ್ಟು, ಹೊಳೆದಂಡೆಯ ಊರುಗಳೆಷ್ಟು? ಸುತ್ತ ನೀರು ನಿಂತು ಮಾಳಿಗೆ ಮೇಲೆ ಸಿಕ್ಕಿಕೊಂಡವರಿಗೆ ಆ ಬೋಟು. ಹಿಂದಿನ ಸಂಜೆ ನಡೆದು ಹೋಗಬಹುದಾಗಿದ್ದವರೂ ಅದಕ್ಕೇ ಕಾಯುತ್ತ ಕೂತರೆ ಹೇಗೆ?

2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ರಾಜ್ಯ ಪ್ರಾಧಿಕಾರಕ್ಕೆ ಮುಖ್ಯಮಂತ್ರಿ ಅಧ್ಯಕ್ಷರು, ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರು, ಚುನಾಯಿತ ಪ್ರತಿನಿಧಿಯೊಬ್ಬರು, ನಮ್ಮಲ್ಲಿ ಜಿಲ್ಲಾ ಪಂಚಾಯಿತಿ ಅಧ್ಯಕ್ಷರು, ಸಹ-ಅಧ್ಯಕ್ಷರು. (ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ಚುನಾವಣೆ ಮುಂದಕ್ಕೆ ಹೋಗಿ ಹೋಗಿ ಆ ಕುರ್ಚಿ ವರ್ಷಗಟ್ಟಲೆ ಖಾಲಿ ಬಿದ್ದಿತ್ತು. ಅದರ ಬಗ್ಗೆ ಮಾತ್ರ ಯಾರೂ ನನಗೆ ಪತ್ರ ಬರೆಯುವುದಿಲ್ಲ.) ರಸ್ತೆ ಬಂದ್ ಮಾಡಿಸುವುದು, ಊರು ಖಾಲಿ ಮಾಡಿಸುವುದು, ಖಾಸಗಿ ವಾಹನ ವಶಕ್ಕೆ ಪಡೆಯುವುದು, ಈ ಅಧಿಕಾರಗಳೆಲ್ಲ ಜಿಲ್ಲೆಯಲ್ಲೇ ಇವೆ. ಎನ್‌ಡಿಆರ್‌ಎಫ್ ಆಗಲಿ ಹೆಲಿಕಾಪ್ಟರ್ ಆಗಲಿ ಬರುವುದು ಜಿಲ್ಲಾಡಳಿತ ಕೇಳಿದ ಮೇಲೆ. ನೀವು ಮುಖ್ಯಮಂತ್ರಿಗಳನ್ನು ಟ್ಯಾಗ್ ಮಾಡಿ ಪೋಸ್ಟ್ ಹಾಕಿದರೆ ಅದು ಬೆಂಗಳೂರು ಸುತ್ತಿ, ಜಿಲ್ಲಾಧಿಕಾರಿಗೆ ಬಂದು, ಅಲ್ಲಿಂದ ಮತ್ತೆ ಅದೇ ತಹಶೀಲ್ದಾರರ ವಾಟ್ಸ್‌ಆ್ಯಪಿಗೇ ಬಂದು ಬೀಳುತ್ತದೆ. ಅಷ್ಟರಲ್ಲಿ ನೀರು ಒಂದು ಮೆಟ್ಟಿಲು ಏರಿರುತ್ತದೆ.

ಕಂಟ್ರೋಲ್ ರೂಮ್ ಎಂದರೆ ಗೋಡೆ ತುಂಬ ಪರದೆಗಳಿರುವ ಕೋಣೆ ಎಂದುಕೊಳ್ಳಬೇಡಿ. ತಾಲ್ಲೂಕು ಕಚೇರಿಯ ಒಂದು ಮೂಲೆ, ಒಂದು ಲ್ಯಾಂಡ್‌ಲೈನ್, ಗೆರೆ ಎಳೆದ ರಿಜಿಸ್ಟರ್, ಪಾಳಿಯ ಮೇಲೆ ಕೂತ ಎಸ್‌ಡಿಎ, ಅಂದರೆ ದ್ವಿತೀಯ ದರ್ಜೆ ಗುಮಾಸ್ತ. ನಾನೇ ಎತ್ತಿದ ಒಂದು ಕರೆ ಇನ್ನೂ ನೆನಪಿದೆ.

"ಸಾಹೇಬ್ರ, ನೀರ್ ಬಂದೈತ್ರಿ, ಲಗೂನ ಬರ್ರಿ."

"ಯಾವ ಊರಪಾ?"

"ನಮ್ಮೂರ್ ರೀ!"

ಕರೆ ಕಟ್ಟಾಯಿತು. ತಿರುಗಿ ಹಚ್ಚಿದರೆ ಸ್ವಿಚ್ಡ್ ಆಫ್. ರಿಜಿಸ್ಟರಿನಲ್ಲಿ ‘ರಾತ್ರಿ 1.40, ನೀರು ಬಂದಿದೆ’ ಎಂದಷ್ಟೇ ಬರೆದು, ಮುಂದಿನ ಖಾನೆ ಖಾಲಿ ಬಿಟ್ಟೆ. ಆದ್ದರಿಂದ ಫೋನ್ ಎತ್ತಿದ ತಕ್ಷಣ ತಾಲ್ಲೂಕು, ಊರು, ತೋಟದ ಮನೆಯಾದರೆ ಯಾವ ಗುಡಿ ಹತ್ತಿರ ಎಂದು ಹೇಳಿ. ನೀರು ಮೊಣಕಾಲಿಗೋ ಸೊಂಟಕ್ಕೋ ಹೇಳಿ. ಹಾಸಿಗೆ ಹಿಡಿದವರು, ಬಸುರಿ, ಬಾಣಂತಿ ಇದ್ದರೆ ಅದನ್ನು ಮೊದಲು ಹೇಳಿ. ಬೈಗುಳ ಕೊನೆಗಿರಲಿ, ಎಸ್‌ಡಿಎಗೆ ಅದು ರೂಢಿಯಾಗಿದೆ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ನಿಮ್ಮೂರಿಗೆ ಕೃಷ್ಣೆ ರಾತ್ರೋರಾತ್ರಿ ಹೇಳದೆ ಕೇಳದೆ ಬರುವುದಿಲ್ಲ. ಮಳೆ ಬೀಳುವುದು ಮಹಾರಾಷ್ಟ್ರದ ಮಹಾಬಳೇಶ್ವರ, ಕೊಯ್ನಾ ಕಡೆಯ ಘಟ್ಟದಲ್ಲಿ. ದಾರಿಯಲ್ಲಿ ವಾರಣಾ, ಪಂಚಗಂಗಾ ಸೇರಿಕೊಂಡು ನೀರು ರಾಜಾಪುರ ಬ್ಯಾರೇಜಿಗೆ ಬರುತ್ತದೆ. ಅದಕ್ಕೆ ದೂಧಗಂಗೆಯ ನೀರು ಕೂಡಿದರೆ ನಿಮ್ಮ ತಾಲ್ಲೂಕಿನ ಕಲ್ಲೋಳದ ಹತ್ತಿರ ಹರಿಯುವ ಒಟ್ಟು ನೀರಿನ ಲೆಕ್ಕ. ಅಷ್ಟು ದೂರದ ಪಯಣ, ಮುನ್ಸೂಚನೆಗೆ ಬೇಕಾದಷ್ಟು ಹೊತ್ತು ಸಿಗುತ್ತದೆ. ಆದರೆ ಜನ ಕೇಳುವುದು ‘ಕೊಯ್ನಾದಿಂದ ಬಿಟ್ಟರಂತೆ’ ಎಂಬ ಸುದ್ದಿ ಮಾತ್ರ. ಅಣೆಕಟ್ಟೆಯ ಗೇಟು ಮುಚ್ಚಿದ್ದರೂ ಅದರ ಕೆಳಗಿನ ಹಳ್ಳಕೊಳ್ಳಗಳ ನೀರೇ ಸಾಕು ಊರು ಮುಳುಗಿಸಲು. ನೋಡಬೇಕಾದ್ದು ರಾಜಾಪುರದ ಕ್ಯುಸೆಕ್ ಲೆಕ್ಕ (ಸೆಕೆಂಡಿಗೆ ಎಷ್ಟು ಘನ ಅಡಿ ನೀರು ಹರಿಯುತ್ತಿದೆ ಎಂಬುದು), ಮತ್ತು ಅದು ಬೆಳಗಿನಿಂದ ಸಂಜೆಗೆ ಏರಿದೆಯೋ ಇಳಿದಿದೆಯೋ ಎಂಬುದು. ಒಂದು ಲಕ್ಷ ಕ್ಯುಸೆಕ್ ಇಪ್ಪತ್ನಾಲ್ಕು ಗಂಟೆ ಹರಿದರೆ 8.64 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ). ಕೆಳಗಿನ ಆಲಮಟ್ಟಿ ಅಣೆಕಟ್ಟೆಯ ಪೂರ್ಣ ಸಾಮರ್ಥ್ಯವೇ 123 ಟಿಎಂಸಿ. ಈ ಎರಡು ಅಂಕಿ ಪಕ್ಕಪಕ್ಕ ಇಟ್ಟು ನೋಡಿ, ಗಾಬರಿ ಯಾವಾಗ ಬೀಳಬೇಕು ಎಂಬ ಅಂದಾಜು ಸಿಗುತ್ತದೆ.

ಕೆಳಹಂತದ ಸೇತುವೆ ಮುಳುಗಿತು ಎಂಬ ಸುದ್ದಿ ಬಂದಾಗಲೇ ಮುದುಕರು, ಮಕ್ಕಳು, ದನಕರು ಊರು ಬಿಡಬೇಕು. ‘2005ರಾಗೂ ನೀರು ಗುಡಿ ಕಟ್ಟಿ ಏರಿರಲಿಲ್ಲ’ ಎಂದು ಹಿರಿಯರು ಹೇಳಿದ್ದನ್ನು ನಂಬಿ ಕೂತವರು 2019ರ ಆಗಸ್ಟಿನಲ್ಲಿ ಮಾಳಿಗೆ ಏರಿದ್ದನ್ನು ನೋಡಿದ್ದೇನೆ.

ಜನ ಹೊರಡದಿರುವುದಕ್ಕೆ ಹಟವೊಂದೇ ಕಾರಣವಲ್ಲ, ಅದನ್ನೂ ಹೇಳಬೇಕು. ಒಂದು ವರ್ಷ ಶಾಲೆಯೊಂದರಲ್ಲಿ ಕಾಳಜಿ ಕೇಂದ್ರ ತೆರೆದಿದ್ದೆವು. ಅನ್ನ, ಸಾರು, ಹಾಸಿಗೆ, ವೈದ್ಯರು, ಎಲ್ಲ ಇತ್ತು. ಅಂಗಳದಲ್ಲಿ ಎಮ್ಮೆ ಕಟ್ಟಬೇಡಿ, ಗಲೀಜಾಗುತ್ತದೆ ಎಂದು ಉಸ್ತುವಾರಿಯವರು ತಾಕೀತು ಮಾಡಿದರು. ಎರಡು ಎಮ್ಮೆಗಳ ಒಡತಿಯೊಬ್ಬಳು ಸಂಜೆ ಹಾಲು ಹಿಂಡಲು ಮನೆಗೆ ವಾಪಸು ಹೋದಳು. ನಸುಕಿನಲ್ಲಿ ಅವಳನ್ನು ಬೋಟಿನಲ್ಲಿ ತರಬೇಕಾಯಿತು. ಬೋಟಿನಲ್ಲಿ ಕೂತು ಅವಳು ಅಂದದ್ದು ಇಷ್ಟೇ: "ನನಗ ಅನ್ನ ಕೊಟ್ರಿ ಸಾಹೇಬ್ರ, ಅವಕ್ಕ ಮೇವು ಯಾರ ಕೊಡ್ತಾರ?" ತಪ್ಪು ನಮ್ಮದೇ. ನಿಮ್ಮೂರಿನ ಕಾಳಜಿ ಕೇಂದ್ರ ಯಾವ ಶಾಲೆಯಲ್ಲಿ, ದನ ಕಟ್ಟಲು ಜಾಗ ಎಲ್ಲಿ, ಮೇವು ಯಾರ ಜವಾಬ್ದಾರಿ ಎಂದು ಪಂಚಾಯಿತಿಯಲ್ಲಿ ಮಳೆಗಾಲಕ್ಕೆ ಮುಂಚೆಯೇ ಕೇಳಿ. ಉತ್ತರ ಸಿಗದಿದ್ದರೆ ಲಿಖಿತವಾಗಿ ಕೇಳಿ.

ಟ್ರ್ಯಾಕ್ಟರಿನ ಹುಡುಗರು ಮಾಡಿದ್ದು ಒಳ್ಳೆಯ ಕೆಲಸ. ಆದರೆ ಹರಿಯುವ ನೀರಿನಲ್ಲಿ ರಸ್ತೆ ಕಾಣದಿದ್ದರೆ ಟ್ರ್ಯಾಕ್ಟರ್ ಇಳಿಸಬೇಡಿ ಎಂದು ಅವರಿಗೆ ಹೇಳಿ. ನನ್ನದು ಪುಕ್ಕಲುತನ ಎಂದರೂ ಚಿಂತೆಯಿಲ್ಲ.

ಪ್ರಶ್ನೆ: ರೆಡ್ ಅಲರ್ಟ್ ಇದ್ದರೆ ಶಾಲೆಗೆ ರಜೆ ಅಲ್ಲವೇ?

ಅಲರ್ಟ್ ಕೊಡುವುದು ಹವಾಮಾನ ಇಲಾಖೆ, ರಜೆ ಕೊಡುವುದು ಜಿಲ್ಲಾಧಿಕಾರಿ. ಒಂದಕ್ಕೊಂದು ಗಂಟು ಹಾಕಬೇಡಿ.

ಪ್ರಶ್ನೆ: ನಮ್ಮೂರಲ್ಲಿ ಮೊನ್ನೆ ಮೇಘಸ್ಫೋಟ ಆಯಿತು. ಯಾಕೆ ಯಾರೂ ಮೊದಲೇ ಹೇಳಲಿಲ್ಲ?

ಗಂಟೆಗೆ 100 ಮಿ.ಮೀ. ಬಿದ್ದಿತ್ತೇ? ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಳೆಮಾಪಕ ಇಟ್ಟಿದೆ. ಅಂಕಿ ನೋಡಿ ಬರೆಯಿರಿ. ಚರಂಡಿ ಕಟ್ಟಿಕೊಂಡು ಬೀದಿಗೆ ನೀರು ಬಂದರೆ ಅದರ ಹೆಸರು ಬೇರೆ.

ಪ್ರಶ್ನೆ: ಇಂಥ ದಿನ ಭೂಕಂಪ ಆಗುತ್ತದೆ ಎಂದು ಒಬ್ಬ ಜ್ಯೋತಿಷಿ ವಿಡಿಯೊ ಹಾಕಿದ್ದಾರೆ. ಹಂಚಬಹುದೇ?

ದಿನ, ಊರು ಹೇಳಿ ಭೂಕಂಪ ಮುನ್ಸೂಚಿಸುವ ವಿದ್ಯೆ ಜಗತ್ತಿನಲ್ಲಿ ಯಾರಿಗೂ ಇಲ್ಲ, ಕವಡೆಗೂ ಇಲ್ಲ. ವಿಪತ್ತಿನ ಸುಳ್ಳು ಸುದ್ದಿ ಹಬ್ಬಿಸಿ ಗಾಬರಿ ಎಬ್ಬಿಸಿದರೆ ಅದೇ 2005ರ ಕಾಯ್ದೆಯ 54ನೇ ಕಲಮಿನಲ್ಲಿ ಒಂದು ವರ್ಷದವರೆಗೆ ಜೈಲಿದೆ. 2024ರ ಆಗಸ್ಟಿನಲ್ಲಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದಾಗ ‘ಡ್ಯಾಂ ಒಡೆಯಿತು’ ಎನ್ನುವುದಕ್ಕೂ ‘33 ಗೇಟುಗಳಲ್ಲಿ ಒಂದು ಹೋಯಿತು’ ಎನ್ನುವುದಕ್ಕೂ ಎಷ್ಟು ವ್ಯತ್ಯಾಸವಿದೆ ಎಂದು ಕೆಳಗಿನ ಊರುಗಳವರನ್ನು ಕೇಳಿ.

ಪ್ರಶ್ನೆ: ಸಿಡಿಲು ಬಂದಾಗ ಅಂಗಳಕ್ಕೆ ಕಬ್ಬಿಣದ ಕತ್ತಿ ಎಸೆದರೆ ಮನೆಗೆ ಬಡಿಯುವುದಿಲ್ಲವಂತೆ?

ಎಸೆಯಲು ಅಂಗಳಕ್ಕೆ ಹೋಗುತ್ತೀರಲ್ಲ, ಅಪಾಯ ಅದೇ. ಒಳಗಿರಿ.

ಪ್ರಶ್ನೆ: ಬೆಳೆ ಪರಿಹಾರ ಮಾಡಿಸಿಕೊಡುತ್ತೇನೆ ಎಂದು ಒಬ್ಬರು ಎರಡು ಸಾವಿರ ಕೇಳುತ್ತಿದ್ದಾರೆ. ಕೊಡಲೇ?

ಕೊಡಬೇಡಿ. ಬೆಳೆ ಶೇ 33 ಅಥವಾ ಅದಕ್ಕಿಂತ ಹೆಚ್ಚು ಹಾಳಾಗಿದ್ದರೆ, ಎರಡು ಹೆಕ್ಟೇರ್ ಮಿತಿಯೊಳಗೆ, ಜಂಟಿ ಸಮೀಕ್ಷೆಯ ಮೇಲೆ ಹಣ ನೇರ ಖಾತೆಗೆ ಬರುತ್ತದೆ. ಕೇಂದ್ರದ 2022–26ರ ಮಾನದಂಡದಲ್ಲಿ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ ಇಟ್ಟಿದ್ದುದೇ 8,500 ರೂಪಾಯಿ. ಅದರಲ್ಲಿ ಎರಡು ಸಾವಿರ ಆ ಪುಣ್ಯಾತ್ಮನಿಗೆ ಕೊಡುವ ಬದಲು ನಿಮ್ಮ ಫ್ರೂಟ್ಸ್ ಐಡಿಯಲ್ಲಿ (ಸರ್ಕಾರದ ರೈತ ನೋಂದಣಿ ಸಂಖ್ಯೆ) ಎಲ್ಲ ಸರ್ವೆ ನಂಬರೂ ಸೇರಿವೆಯೇ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯೇ ಎಂದು ನೋಡಿಕೊಳ್ಳಿ. ಅವನ ಹೆಸರನ್ನು ತಹಶೀಲ್ದಾರರಿಗೆ ಬರೆದು ಕೊಡಿ, ನನಗೆ ಬೇಡ.