ಸೊಂಟನೋವು, ಉಳುಕು ಅಂತ ಕ್ಯಾಶುಯಲ್ಟಿಗೆ ಬಂದವರನ್ನು ನೇರ ಫಿಸಿಯೋಥೆರಪಿ ಓಪಿಡಿಗೆ ಕಳಿಸಬಹುದೇ?

ಸೊಂಟನೋವು, ಕುತ್ತಿಗೆ ಹಿಡಿತ, ಕಾಲು ಉಳುಕು ಅಂತ ಬರುವವರಿಂದಲೇ ತಾಲೂಕು ಆಸ್ಪತ್ರೆಯ ಕ್ಯಾಶುಯಲ್ಟಿ ತುಂಬಿಹೋಗುತ್ತದೆ, ಅವರನ್ನು ತುರ್ತಿಗೆ ತಕ್ಕಂತೆ ರೋಗಿಗಳನ್ನು ವಿಂಗಡಿಸುವ ಟ್ರಯಾಜ್ ಟೇಬಲ್ಲಿನಿಂದಲೇ ಫಿಸಿಯೋಗೆ ಕಳಿಸಿದರೆ ಆಗದೇ ಅಂತ ನರ್ಸಿಂಗ್ ಆಫೀಸರ್ ಆಗಿ ಕೇಳಿದ್ದೀರಿ. ಕಳಿಸಬಹುದು. ಆದರೆ ಡ್ಯೂಟಿ ಡಾಕ್ಟರ್ ಒಮ್ಮೆ ನೋಡಿ ಚೀಟಿಯಲ್ಲಿ ಬರೆದ ಮೇಲೆ ಕಳಿಸಿ. ಕೆನಡಾದಲ್ಲಿ ವೈದ್ಯರ ಚೀಟಿ ಇಲ್ಲದೆಯೂ ಫಿಸಿಯೋ ಬಳಿ ಹೋಗಬಹುದು, ಆ ಪದ್ಧತಿಯನ್ನು ಹಾಗೇ ಇಲ್ಲಿಗೆ ತರಬೇಡಿ. ಬೈಕಿನಿಂದ ಬಿದ್ದವರು, ಹೊಡೆದಾಟದಲ್ಲಿ ಪೆಟ್ಟು ತಿಂದವರು ಇದ್ದರೆ ಮೊದಲು ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಮೆಡಿಕೋ-ಲೀಗಲ್ ಕೇಸ್) ದಾಖಲಾಗಬೇಕು. ಉಳುಕು ಎಷ್ಟೇ ಸಣ್ಣದಿರಲಿ, ಎಂಎಲ್‌ಸಿ ಬಿಟ್ಟು ಕಳಿಸುವಂತಿಲ್ಲ.

ಸೋಸುವ ಕೆಲಸ ನಾಡಿ, ಬಿಪಿ, ಜ್ವರ, ಆಮ್ಲಜನಕದ ಮಟ್ಟದಿಂದ ಶುರುವಾಗಲಿ. ಇವುಗಳಲ್ಲಿ ಒಂದು ಏರುಪೇರಾಗಿದ್ದರೂ ಫಿಸಿಯೋ ಮಾತು ಬೇಡ. ಎಡ ಭುಜ, ಎಡಗೈ ನೋವು ಅಂದವರಿಗೆ ಮೊದಲು ಇಸಿಜಿ.

ಸೊಂಟನೋವಿನಲ್ಲಿ ತಪ್ಪಿಸಿಕೊಳ್ಳಲೇಬಾರದ್ದು ಬೆನ್ನುಹುರಿಯ ಕೆಳತುದಿಯ ನರಗುಚ್ಛ ಒತ್ತಿಹೋಗುವ ಕಾಡಾ ಎಕ್ವೈನಾ. ಕೆಲವು ಗಂಟೆ ತಡವಾದರೂ ಮೂತ್ರದ ಹಿಡಿತ ಶಾಶ್ವತವಾಗಿ ಹೋಗಬಹುದು. ರೋಗಿಗಳು ಇದನ್ನು ನಾಚಿಕೆಯಿಂದ ತಾವಾಗಿ ಹೇಳುವುದಿಲ್ಲ. ಮನೆಯವರನ್ನು ಸ್ವಲ್ಪ ಹೊರಗೆ ಕಳಿಸಿ, ನೇರವಾಗಿ ಕೇಳಿ: 'ತೊಳ್ಕೊಳ್ಳುವಾಗ ಕೈ ತಾಗಿದ್ದು ಗೊತ್ತಾಗದ ಹಾಗಿದೆಯಾ? ಮೂತ್ರ ಕಟ್ಟಿದೆಯಾ, ಗೊತ್ತಿಲ್ಲದೆ ಹೋಗ್ತಿದೆಯಾ? ಎರಡೂ ಕಾಲಲ್ಲಿ ಸೋಲು ಇದೆಯಾ?' ಒಂದಕ್ಕೆ ಹೌದು ಅಂದರೂ ಡಾಕ್ಟರನ್ನು ಕರೆಯಿರಿ. ಮೂತ್ರ ಮಾಡಿ ಬಂದ ಮೇಲೂ ಮೂತ್ರಕೋಶದ ಸ್ಕ್ಯಾನ್‌ನಲ್ಲಿ 200 ಮಿ.ಲೀ.ಗಿಂತ ಹೆಚ್ಚು ಉಳಿದಿದ್ದರೆ ಅನುಮಾನ ಗಟ್ಟಿಯಾಗುತ್ತದೆ, ತುರ್ತಾಗಿ ಎಂಆರ್‌ಐ ಆಗಬೇಕು. ನಮ್ಮ ಕಡೆ ಬೆನ್ನೆಲುಬಿನ ಕ್ಷಯವೂ ಇದೆ. ಸಂಜೆ ಜ್ವರ, ತೂಕ ಇಳಿಕೆ, ಮಲಗಿದರೂ ಕಡಿಮೆಯಾಗದ ರಾತ್ರಿ ನೋವು ಇದ್ದವರು ಫಿಸಿಯೋ ಸಾಲಿನಲ್ಲಿ ಕೂರಬಾರದು. ಕ್ಯಾನ್ಸರ್ ಆಗಿದ್ದವರು, ಬಹುಕಾಲದಿಂದ ಸ್ಟೀರಾಯ್ಡ್ ತಗೊಳ್ಳುತ್ತಿರುವವರು, ಅರವತ್ತು ದಾಟಿದ ಮೇಲೆ ಮೊದಲ ಸಲ ಜೋರು ಸೊಂಟನೋವು ಬಂದವರು ಕೂಡ ಅಷ್ಟೇ.

ಕಾಲು ಉಳುಕಿಗೆ ಎಕ್ಸ್‌ರೇ ಬೇಕೇ ಅಂತ ತಿಳಿಯಲು ಆಟವಾ ನಿಯಮ ಸಾಕು. ಪಾದದ ಕೀಲಿನ ಎರಡೂ ಬದಿಯ ಮೂಳೆ ಗಂಟುಗಳ ಹಿಂಬದಿ ಅಂಚನ್ನು ತುದಿಯಿಂದ 6 ಸೆಂ.ಮೀ. ಮೇಲಿನವರೆಗೆ ಒತ್ತಿ ನೋಡಿ. ಪಾದದಲ್ಲಿ ನೋವಿದ್ದರೆ ಕಿರುಬೆರಳಿನ ಸಾಲಿನ ಮೂಳೆಯ ಬುಡ, ಒಳಬದಿಯ ನ್ಯಾವಿಕ್ಯುಲರ್ ಮೂಳೆ ಒತ್ತಿ. ಎಲ್ಲೂ ಮೂಳೆಯ ಮೇಲೆ ನೋವಿಲ್ಲ, ಕುಂಟಿದರೂ 4 ಹೆಜ್ಜೆ ಇಡುತ್ತಾರೆ ಅಂದರೆ ಎಕ್ಸ್‌ರೇ ಬೇಕಿಲ್ಲ. ಕುಡಿದು ಬಂದವರಲ್ಲಿ, ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಹೋದವರಲ್ಲಿ ಈ ನಿಯಮ ನಂಬಬೇಡಿ, ಅವರಿಗೆ ನೋವೇ ಗೊತ್ತಾಗದಿರಬಹುದು. ಮೀನಖಂಡ ನೋವು ಅಂದರೆ ಟೇಪ್ ಹಿಡಿದು ಎರಡೂ ಕಾಲು ಅಳೆಯಿರಿ, 3 ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದು, ಡಾಪ್ಲರ್ ಸ್ಕ್ಯಾನ್ ಆಗುವವರೆಗೆ ಯಾರೂ ತಿಕ್ಕುವಂತಿಲ್ಲ. ಜ್ವರವಿದ್ದು ಕುಂಟುವ ಮಗುವನ್ನು ಎಂದಿಗೂ ಹೀಗೆ ಕಳಿಸಬೇಡಿ, ಕೀಲಲ್ಲಿ ಕೀವಾಗಿರಬಹುದು.

ಇಷ್ಟೆಲ್ಲ ಸರಿ ಮಾಡಿದರೂ ವ್ಯವಸ್ಥೆ ಮುರಿದು ಬೀಳುವುದು ಚೀಟಿಯ ಹತ್ತಿರ ಅಂತ ನನಗೆ ಖಾತ್ರಿ. 'ಫಿಸಿಯೋಗೆ ತೋರಿಸಿ' ಅಂತ ಬರೆದುಕೊಟ್ಟರೆ ಹೆಚ್ಚಿನವರು ಮನೆಗೆ ಹೋಗುತ್ತಾರೆ. ಮರುದಿನ ಮೆಡಿಕಲ್ ಶಾಪಿನ ಮಾತ್ರೆ ನುಂಗುತ್ತಾರೆ ಅಥವಾ ನಾಟಿ ಕಟ್ಟು ಹಾಕಿಸಿಕೊಳ್ಳುತ್ತಾರೆ. ರಾತ್ರಿ ಹನ್ನೊಂದಕ್ಕೆ ಬಂದವರಿಗೆ ಫಿಸಿಯೋ ಕೋಣೆ ಎಲ್ಲಿದೆ ಅಂತಲೂ ಗೊತ್ತಿರುವುದಿಲ್ಲ. ಆದ್ದರಿಂದ ದಿನಕ್ಕೆ ಮೂರೋ ನಾಲ್ಕೋ ಸ್ಲಾಟುಗಳನ್ನು ಕ್ಯಾಶುಯಲ್ಟಿಗೆಂದೇ ಮೀಸಲಿಡಿಸಿ, ಆ ರಿಜಿಸ್ಟರ್ ನಿಮ್ಮ ಟೇಬಲ್ಲಿನಲ್ಲೇ ಇರಲಿ. ರೋಗಿ ಹೊರಡುವ ಮುಂಚೆ ದಿನ, ಹೊತ್ತು, ಕೋಣೆ ನಂಬರು ಬರೆದುಕೊಡಿ. ಎರಡು-ಮೂರು ದಿನದೊಳಗಿನ ಸ್ಲಾಟ್ ಆಗಬೇಕು, ವಾರ ದಾಟಿದರೆ ಬರುವುದಿಲ್ಲ. ನೋವಿಗೆ ಮಾತ್ರೆ ಕೊಡದೆ ಕಳಿಸಲೇಬೇಡಿ. ಇಂಜೆಕ್ಷನ್ನು, ಎಕ್ಸ್‌ರೇ ಆಗುತ್ತದೆ ಅಂತ ನಂಬಿ ಬಂದವರನ್ನು ಬರಿಗೈಲಿ ಕಳಿಸಿದರೆ ಜಗಳವಾಗುತ್ತದೆ, ಅವರ ಸಿಟ್ಟು ನ್ಯಾಯವೇ.

ಚೀಟಿಯ ಹಿಂಬದಿಯಲ್ಲಿ ವಾಪಸ್ ಬರಬೇಕಾದ ಲಕ್ಷಣಗಳನ್ನು ದಪ್ಪ ಕನ್ನಡ ಅಕ್ಷರದಲ್ಲಿ ಬರೆಸಿ, ಓದು ಬಾರದವರಿಗೆ ಬಾಯಲ್ಲಿ ಹೇಳಿ. ಫಿಸಿಯೋಥೆರಪಿಸ್ಟ್ ಅನುಮಾನಪಟ್ಟು ವಾಪಸ್ ಕಳಿಸಿದವರು ಮತ್ತೆ ಸಾಲಲ್ಲಿ ನಿಲ್ಲದೆ ನೇರ ಡಾಕ್ಟರ್ ಬಳಿ ಹೋಗುವಂತಿರಬೇಕು. ಮೊದಲ ತಿಂಗಳು ಎರಡೇ ಲೆಕ್ಕ ಇಡಿ: ಕಳಿಸಿದವರಲ್ಲಿ ಎಷ್ಟು ಜನ ನಿಜಕ್ಕೂ ಫಿಸಿಯೋಗೆ ಹೋದರು, 72 ಗಂಟೆಯೊಳಗೆ ಎಷ್ಟು ಜನ ಕ್ಯಾಶುಯಲ್ಟಿಗೆ ಮರಳಿದರು. ಮರಳಿದ ಪ್ರತಿಯೊಬ್ಬರ ಕೇಸ್ ಶೀಟನ್ನೂ ಡಾಕ್ಟರ್, ಫಿಸಿಯೋ ಜೊತೆ ಕೂತು ಓದಿ.