ಅಪ್ಪನ ಲ್ಯಾಪ್‌ಟಾಪ್‌ಗೆ ವಾಯ್ಸ್ ಅಸಿಸ್ಟೆಂಟ್ ಬೇಕಾ?

ಅಪ್ಪನಿಗೆ ಹೊಸ ಲ್ಯಾಪ್‌ಟಾಪ್ ತಂದಿದ್ದೀರಿ, ವಾಯ್ಸ್ ಅಸಿಸ್ಟೆಂಟ್ (ಬಾಯಲ್ಲಿ ಹೇಳಿದ ಕೆಲಸ ಮಾಡಿಕೊಡುವ ಸಾಫ್ಟ್‌ವೇರ್) ಹಾಕಿಕೊಟ್ಟರೆ ಬಳಸುತ್ತಾರಾ ಅಂತ ಕೇಳಿದ್ದೀರಿ. ನನಗೆ ಅನುಮಾನ.

ಮೈಕ್ರೋಸಾಫ್ಟ್ 2015ರಲ್ಲಿ ವಿಂಡೋಸ್ 10ರ ಜೊತೆ ಕೊರ್ಟಾನಾ ಅನ್ನೋ ವಾಯ್ಸ್ ಅಸಿಸ್ಟೆಂಟ್ ಕೊಟ್ಟಿತು. ಟಾಸ್ಕ್‌ಬಾರ್‌ನಲ್ಲೇ ಕೂರಿಸಿದರೂ ಜನ ಅಷ್ಟಾಗಿ ಹಚ್ಚಿಕೊಳ್ಳಲಿಲ್ಲ, 2023ರಲ್ಲಿ ಅದನ್ನು ನಿಲ್ಲಿಸಿಯೇಬಿಟ್ಟರು. ಫೋನ್ ಆದರೆ ಕೈಯಲ್ಲಿ ಸಾಮಾನಿದ್ದಾಗ, ಗಾಡಿಯಲ್ಲಿದ್ದಾಗ ಮಾತಾಡಿ ಕೆಲಸ ಮುಗಿಸಬಹುದು. ಕಂಪ್ಯೂಟರ್ ಮುಂದೆ ಕೂತಾಗ ಕೀಬೋರ್ಡ್, ಮೌಸ್ ಕೈಯಡಿಯಲ್ಲೇ ಇರುತ್ತವಲ್ಲ! ಜೊತೆಗೆ ಹಾಲ್‌ನಲ್ಲಿ ಧಾರಾವಾಹಿ, ಅಡುಗೆಮನೆಯಲ್ಲಿ ಕುಕ್ಕರ್ ಸೀಟಿ. ಎಲ್ಲರೆದುರು ಯಂತ್ರದ ಜೊತೆ ಮಾತಾಡೋಕೆ ಮುಜುಗರ ಬೇರೆ.

ಆದರೆ ಮಾತಾಡಿ ಟೈಪ್ ಮಾಡೋದು ಬೇರೆ ವಿಷಯ, ಅದನ್ನು ಖಂಡಿತ ತೋರಿಸಿಕೊಡಿ. ಕ್ರೋಮ್‌ನಲ್ಲಿ ಗೂಗಲ್ ಡಾಕ್ಸ್ ತೆರೆದು ಕಂಟ್ರೋಲ್, ಶಿಫ್ಟ್, ಎಸ್ ಒಟ್ಟಿಗೆ ಒತ್ತಿ. ಮೈಕ್ ಚಿತ್ರದ ಮೇಲೆ ಭಾಷೆ ಕನ್ನಡ ಅಂತ ಆರಿಸಿ, ಮೈಕ್ ಒತ್ತಿ ಮಾತಾಡಿದರೆ ಆಯ್ತು. ಒತ್ತಕ್ಷರ ಹುಡುಕುತ್ತಾ ಕೂರುವ ಕಷ್ಟವೇ ಇಲ್ಲ. ಊರಿನ ಮಾತಿನ ಧಾಟಿ ಜಾಸ್ತಿ ಇದ್ದರೆ ಕೆಲವೊಮ್ಮೆ ಏನೇನೋ ಬರೆದುಬಿಡುತ್ತದೆ, ಪುಸ್ತಕದ ಕನ್ನಡ ನಿಧಾನವಾಗಿ ಓದಿದರೆ ಪರವಾಗಿಲ್ಲ. ಪೂರ್ಣವಿರಾಮ ಕೈಯಲ್ಲೇ ಹಾಕಿಕೊಳ್ಳಲಿ. ಇಂಟರ್ನೆಟ್ ಮಾತ್ರ ಬೇಕೇ ಬೇಕು.

ಅಪ್ಪನಿಗೆ ಕಣ್ಣು ಮಂಜಾಗಿದ್ದರೆ ಅಥವಾ ಕೈ ನಡುಗುತ್ತಿದ್ದರೆ ನನ್ನ ಉತ್ತರ ಬೇರೆಯೇ. ಆಗ ವಿಂಡೋಸ್ 11ರ ವಾಯ್ಸ್ ಆಕ್ಸೆಸ್ ನೋಡಿ, ಮೌಸ್ ಮುಟ್ಟದೆ ಕ್ಲಿಕ್ ಮಾಡಬಹುದು. ಆದರೆ ಅದಕ್ಕೆ ಆಜ್ಞೆ ಕನ್ನಡದಲ್ಲಿ ಹೇಳೋಕಾಗಲ್ಲ, ಇಂಗ್ಲಿಷ್‌ನಂಥ ಕೆಲವೇ ಭಾಷೆಗಳಲ್ಲಿ ಹೇಳಬೇಕು. ಅವರಿಗೆ ಅದು ಒಗ್ಗುತ್ತಾ?